ರತ್ನಕ್ಕ ಎತ್ತದ ಕಾಲು

ಲೈಟು ಇರಲಿ, ಆರಿಸಬೇಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನನ್ನ ದೊಡ್ಡಮ್ಮನ ಮಗಳು ರತ್ನಕ್ಕನಿಗೆ ಆದದ್ದು, ಹೋದ ವರ್ಷ, ಕೊಚ್ಚಿಯ ಕಳಮಶ್ಶೇರಿಯಲ್ಲಿ.

ತಿರುವನಂತಪುರದಿಂದ ಬಂದ ರೈಲು ತಡವಾಗಿತ್ತು. ಎರ್ನಾಕುಲಂನಲ್ಲಿ ಇಳಿದು, ಕೊನೆಯ ಮೆಟ್ರೋ ಹಿಡಿದು ಕಳಮಶ್ಶೇರಿ ಮುಟ್ಟಿದರೆ ಒಂದು ಆಟೋ ಇಲ್ಲ. ರತ್ನಕ್ಕ ನಡೆದೇ ಹೊರಟಳು. ಫ್ಯಾಕ್ಟರಿ ಗೋಡೆ ಮುಗಿದಲ್ಲಿ ಒಂದು ಓಣಿ, ಓಣಿಯ ತಿರುವಿನಲ್ಲಿ ಹಳೆಯ ಬಾವಿ. ಅದನ್ನು ದಾಟುವಾಗ ರಾಟೆ ಕಿರ್... ಎಂದಿತು. ಗಾಳಿ ಇರಲಿಲ್ಲ. ರಾಟೆಗೆ ಹಗ್ಗವೂ ಇರಲಿಲ್ಲ.

ಬಾವಿಕಟ್ಟೆಯ ಹತ್ತಿರ ಯಾರೋ ಟಾರ್ಚ್ ಬಿಟ್ಟರು. ಇಬ್ರಾಹಿಂ. ಅವಳ ಗಂಡನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು, ಕಾಸರಗೋಡಿನವನು.

"ಅಕ್ಕ, ಶೆಡ್ಡಿಗೆ ಬೆಳಿಗ್ಗೆ ಹೋದ್ರೆ ಸಾಕು," ಎಂದು ಪಿಸುಗುಟ್ಟಿದ.

"ಯಾಕೆ?"

"ರಾತ್ರಿ ಒಳಗೆ ಶಬ್ದ ಆಗ್ತದೆ."

"ಎಂತ ಶಬ್ದ?"

"ಟಣ್... ಒಂದೇ ಪೆಟ್ಟು. ಮತ್ತೆ ಎಂತದೂ ಇಲ್ಲ. ಯಾರನ್ನೋ ಕಾಯ್ತಾ ಇದ್ದ ಹಾಗೆ."

ರತ್ನಕ್ಕನ ಬಲಗಾಲು ನಿಂತಲ್ಲೇ ಮರಗಟ್ಟಿತು. ಆ ಒಂದು ಪೆಟ್ಟಿನ ಅರ್ಥ ಅವಳಿಗೆ ಗೊತ್ತಿತ್ತು.

ಅವಳ ಗಂಡ ಕಮಲಾಕ್ಷ ರೇಸ್ ಕಾರು ಕಟ್ಟುತ್ತಿದ್ದ. ಕೊಂಡು ತಂದ ಕಾರಿಗೆ ಬಣ್ಣ ಹೊಡೆಯುವುದಲ್ಲ ಮತ್ತೆ. ಕಬ್ಬಿಣದ ಪೈಪು ಬಗ್ಗಿಸುವಲ್ಲಿಂದ ಎಲ್ಲ ಅವನದೇ ಕೈ. ಅವನ ಗಾಡಿಯಲ್ಲಿ ಹುಡುಗರು ಗೆದ್ದು ಕುಣಿಯುವಾಗ ಇವನು ಹತ್ತಿರವೂ ಸುಳಿಯುತ್ತಿರಲಿಲ್ಲ, ಗಾಡಿಯ ಬ್ರೇಕು ಎಷ್ಟು ಕಾದಿದೆ ಎಂದು ನೋಡುತ್ತ ಕೂತಿರುತ್ತಿದ್ದ. "ಓಡಿಸ್ಲಿಕ್ಕೆ ಬೇಕಾದಷ್ಟು ಜನ ಇದ್ದಾರೆ, ನಿಲ್ಲಿಸ್ಲಿಕ್ಕೆ ನಾನು ಬೇಕು," ಎನ್ನುತ್ತಿದ್ದ. ಜಂಬದ ಮನುಷ್ಯ. ಅಂಥ ಜಂಬಕ್ಕೆ ದೃಷ್ಟಿ ತಾಗಬಾರದಿತ್ತು.

ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿದರೆ ಗಾಡಿ ನಿಲ್ಲುವುದಿಲ್ಲ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ನಿಪ್ಪಲ್ ಎಂಬ ಪುಟ್ಟ ತಿರುಪು ಸಡಿಲಿಸಿ, ಗಾಳಿಯನ್ನು ಬಾಟಲಿಯ ಎಣ್ಣೆಯಲ್ಲಿ ಗುಳ್ಳೆಯಾಗಿ ಬಿಟ್ಟು, ತಿರುಗಿ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲು ಕಾಲು ಎತ್ತಿದರೋ, ಗಾಳಿ ಮತ್ತೆ ಒಳಗೆ. ಮದುವೆಯಾದ ಹೊಸತರಲ್ಲಿ ರತ್ನಕ್ಕ ಒಮ್ಮೆ ಹಾಗೆ ಎತ್ತಿಬಿಟ್ಟಿದ್ದಳು. ಕಮಲಾಕ್ಷ ಬೈಯಲಿಲ್ಲ. ಸುಮ್ಮನೆ ನಾಲ್ಕೂ ಚಕ್ರ ಮೊದಲಿನಿಂದ ಮಾಡಿದ. ಅವತ್ತಿನಿಂದ ಅವನು ಹೇಳದೆ ಅವಳು ಕಾಲು ಎತ್ತಿದ್ದಿಲ್ಲ.

ಹೇಳುವುದೂ ಬಾಯಿಯಲ್ಲಲ್ಲ. ನಿಪ್ಪಲಿನ ಕರಿ ರಬ್ಬರ್ ಟೋಪಿಯನ್ನು ಅವನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದ. ಅವಳು ಎಷ್ಟು ಗದರಿದರೂ ಆ ಚಾಳಿ ಹೋಗಲಿಲ್ಲ. ಗಾಡಿ ಎತ್ತಿಟ್ಟ ಕಬ್ಬಿಣದ ಸ್ಟ್ಯಾಂಡಿಗೆ ಸ್ಪ್ಯಾನರಿನಿಂದ ಒಂದು ಪೆಟ್ಟು ಹೊಡೆದರೆ ಒತ್ತು, ಎರಡು ಪೆಟ್ಟು ಹೊಡೆದರೆ ಎತ್ತು.

ಅವನ ಕೊನೆಯ ಗಾಡಿಗೆ ಗಾಳಿ ತೆಗೆಯುತ್ತಿದ್ದ ಆ ಮಧ್ಯಾಹ್ನ ಮೂರು ಚಕ್ರ ಮುಗಿದು, ಮುಂದಿನ ಬಲಚಕ್ರ ಒಂದು ಉಳಿದಿತ್ತು. ಟಣ್. ರತ್ನಕ್ಕ ಒತ್ತಿದಳು. ಪೆಡಲ್ ತಳ ಮುಟ್ಟಿತು. ಆಮೇಲೆ... ಏನೂ ಇಲ್ಲ. ರೇಸ್ ಕಾರಿನಲ್ಲಿ ಮಲಗಿದ ಹಾಗೆ ಕೂರಬೇಕು, ತಲೆಯ ಮೇಲಿನ ಮಾಡಿನ ತಗಡು ಬಿಟ್ಟು ಬೇರೇನೂ ಕಾಣುವುದಿಲ್ಲ. ಕಂಪ್ರೆಸರ್ ಗುಂಯ್ ಎನ್ನುತ್ತಿತ್ತು. ಗುಳ್ಳೆ ನೋಡುತ್ತಿದ್ದಾರೆ ಎಂದುಕೊಂಡಳು. "ಎಂತ, ನಿದ್ದೆ ಬಂತಾ?" ಎಂದು ತಮಾಷೆಯನ್ನೂ ಮಾಡಿದಳು. ಕಾಲು ನಡುಗತೊಡಗಿತು. ಎತ್ತಲಿಲ್ಲ. ಚಹಾ ಕುಡಿದು ಬಂದ ಇಬ್ರಾಹಿಂ, ಚಕ್ರದ ಹತ್ತಿರ ಕಮಲಾಕ್ಷ ಕುಸಿದು ಬಿದ್ದದ್ದನ್ನು ಕಂಡು ಕೂಗಿದಾಗಲೂ ಆ ಕಾಲು ಪೆಡಲಿನ ಮೇಲೇ ಇತ್ತು.

ಹಾರ್ಟ್ ಅಟ್ಯಾಕ್, ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಗಂಡ ಸಾಯುತ್ತಿದ್ದ, ಇವಳು ಅವನ ಮಾತು ಮೀರಬಾರದೆಂದು ಕಾಲು ಒತ್ತಿ ಕೂತಿದ್ದಳು.

ಹಲ್ಲಿನ ನಡುವೆ ಸಿಕ್ಕಿಕೊಂಡಿದ್ದ ಆ ಟೋಪಿಯನ್ನು ಚಿತೆಯ ಮೇಲೆ ಅವಳೇ ಅವನ ಮುಷ್ಟಿಯಲ್ಲಿಟ್ಟಳು. ಶೆಡ್ಡಿಗೆ ಬೀಗ ಹಾಕಿ ತಿರುವನಂತಪುರಕ್ಕೆ, ಬ್ಯಾಂಕಿನಲ್ಲಿರುವ ಮಗಳು ಕೃಪಾಳ ಮನೆಗೆ ಹೋದಳು. ಅಲ್ಲಿ ಪ್ರತಿ ರಾತ್ರಿ ನಿದ್ದೆಯಲ್ಲಿ ಅವಳ ಬಲಗಾಲು ಮಂಚದ ಹಲಗೆಯನ್ನು ಒತ್ತುತ್ತಿತ್ತು. "ಮತಿ ಅಮ್ಮಾ, ಸಾಕು, ಕಾಲು ಎತ್ತು," ಎಂದು ಕೃಪಾ ಮಲಯಾಳ ಬೆರೆಸಿ ಎಬ್ಬಿಸುತ್ತಿದ್ದಳು. ಮಗಳು ಹೇಳಿದರೆ ಆ ಕಾಲು ಕೇಳಬೇಕಲ್ಲ.

ಈಗ ಆ ಕೊನೆಯ ಗಾಡಿಯನ್ನು ತರುಣ್ ಒಯ್ಯುವವನಿದ್ದ. ತಿರುವನಂತಪುರದಲ್ಲಿ ಐಟಿ ಕೆಲಸ, ರಜೆಯಲ್ಲಿ ರೇಸು. ಕಮಲಾಕ್ಷನ ಗಾಡಿ ಬಿಟ್ಟು ಬೇರೆ ಮುಟ್ಟದ ಮೈಸೂರಿನ ಹುಡುಗ. ಬೆಳಿಗ್ಗೆ ಲಾರಿ ಬರುತ್ತದೆ. ಅಂದರೆ ಆ ಗಾಡಿಯ ಹತ್ತಿರ ಕೂರಲು ರತ್ನಕ್ಕನಿಗೆ ಉಳಿದದ್ದು ಆ ಒಂದು ರಾತ್ರಿ.

ಇಬ್ರಾಹಿಂ ಬಾವಿಯಿಂದ ಮುಂದೆ ಬರಲಿಲ್ಲ.

ಬೀಗ ಚಟ್ ಎಂದು ಬಿಚ್ಚಿತು. ಬಲ್ಬು ಹಾಕಿದಳು. ಗಾಡಿ ಸ್ಟ್ಯಾಂಡಿನ ಮೇಲೆ ಹಾಗೇ ಇತ್ತು, ಬಲಚಕ್ರದ ನಿಪ್ಪಲಿಗೆ ಸಿಕ್ಕಿಸಿದ ಸ್ಪ್ಯಾನರ್ ಕೂಡ ಹಾಗೇ. ಅವಳು ಡಬ್ಬಿಯಿಂದ ಹೊಸ ಬ್ರೇಕ್ ಆಯಿಲ್ ತುಂಬಿಸಿದಳು. ಸೀರೆ ಎತ್ತಿ ಕಟ್ಟಿ ಸೀಟಿನೊಳಗೆ ಇಳಿದಳು. ತಗಡು ನೋಡುತ್ತ ಕೂತಳು.

ಹೊರಗೆ ನಾಯಿ ಬೊಗಳುವುದು ನಿಂತಿತು...

ಟಣ್.

ಒತ್ತಿದಳು. ಪುಸ್... ಎಂದು ಗಾಳಿ ಹೊರಟಿತು. ಬಾಟಲಿಯಲ್ಲಿ ಗುಳುಗುಳು. ಆಮೇಲೆ ಕಿಟ್, ಸ್ಪ್ಯಾನರ್ ತಿರುಗಿದ ಶಬ್ದ. ಟಣ್ ಟಣ್. ಎತ್ತಿದಳು. ಮತ್ತೆ ಟಣ್. ಮತ್ತೆ ಗುಳುಗುಳು, ಕಿಟ್, ಟಣ್ ಟಣ್. ಅವಳಿಗೆ ಹೆದರಿಕೆಯೇ ಆಗಲಿಲ್ಲವಂತೆ. ಬೆವರಿನ, ಪೆಟ್ರೋಲಿನ ವಾಸನೆ ಬಂತಂತೆ. ಪ್ರತಿ ಸಲವೂ ಪೆಡಲ್ ಒಂದಿಷ್ಟು ಗಟ್ಟಿಯಾಗುತ್ತ ಬಂತು. ಗುಳ್ಳೆಯ ಶಬ್ದ ಸಣ್ಣದಾಗುತ್ತ, ನಿಂತೇಹೋಯಿತು.

ಟಣ್ ಟಣ್.

ಇದು ಕೊನೆಯದೆಂದು ಅವಳಿಗೆ ಗೊತ್ತಾಯಿತು. ಎತ್ತಲಿಲ್ಲ.

"ಅವತ್ತು ನಾನು ಎದ್ದು ಬಂದು ನೋಡ್ಬೇಕಿತ್ತು," ಎಂದಳು. "ನಿಮ್ಮನ್ನು ನಾನೇ ಕಳ್ಕೊಂಡೆ."

ಕಾಲು ನಡುಗುತ್ತಿತ್ತು. ಈಗ ಇಣುಕಿ ನೋಡಲೇ ಎಂದುಕೊಂಡಳು. ನೋಡಿದರೆ ಅಲ್ಲಿ ಯಾರೂ ಇರದಿದ್ದರೆ... ನೋಡಲಿಲ್ಲ.

ಮತ್ತೆ ಬಂತು. ಟಣ್... ಟಣ್. ಮೆಲ್ಲಗೆ, ಅವಸರವಿಲ್ಲದೆ. ಮದುವೆಯಾದ ಹೊಸತರಲ್ಲಿ, ತಪ್ಪು ಮಾಡಿದ ಹೆಂಡತಿಗೆ ಬೈಯದೆ ಮತ್ತೆ ಮೊದಲಿನಿಂದ ಶುರು ಮಾಡಿದಾಗ ಹೊಡೆದ ಹಾಗೆ.

ರತ್ನಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಕಾಲು ಎತ್ತಿದಳು.

ಬೆಳಿಗ್ಗೆ ತರುಣ್ ಬಂದು ಪೆಡಲ್ ಒತ್ತಿ ನೋಡಿದ. "ಆಂಟಿ, ಕಲ್ಲಿನ ಥರ ಗಟ್ಟಿಯಿದೆ. ಗಾಳಿ ಯಾರು ತೆಗೆದ್ರು?"

"ನಾನು."

"ಒಬ್ರೇನಾ? ಇದಕ್ಕೆ ಇಬ್ರು ಬೇಕಲ್ಲ."

ಅವಳು ಸ್ಟ್ಯಾಂಡಿನ ಧೂಳು ಒರೆಸಿದಳು.

ಈಗ ಅವಳ ಕಾಲು ನಿದ್ದೆಯಲ್ಲಿ ಒತ್ತುವುದಿಲ್ಲ. ಅದಕ್ಕೂ ಅಮ್ಮ ಅಳುತ್ತಾಳೆ ಎನ್ನುತ್ತಾಳೆ ಕೃಪಾ.

ನೀವು ನಗಬಹುದು. ಹೆಂಗಸು ಕನಸು ಕಂಡಿದ್ದಾಳೆ ಎನ್ನಬಹುದು. ಲಾರಿಗೆ ಗಾಡಿ ಏರಿಸುವಾಗ ನಾನು ಅಲ್ಲೇ ಇದ್ದೆ ಸ್ವಾಮಿ, ಆ ಬಲಚಕ್ರದ ಹತ್ತಿರ ಬಗ್ಗಿ ನೋಡಿದ್ದೇನೆ. ನಿಪ್ಪಲ್ ಬಿಗಿಯಾಗಿತ್ತು. ಅದರ ಮೇಲೆ ಕರಿ ರಬ್ಬರ್ ಟೋಪಿ ಇತ್ತು. ಟೋಪಿಯ ಮೇಲೆ ಹಲ್ಲಿನ ಗುರುತಿತ್ತು.