ಗುಡಾಣದೊಳಗಿನ ಮುಖವೀಣೆ

ಒಂದೂರು. ಯಾವೂರು ಅಂತ ಕೇಳಬೇಡಿ, ಅಲ್ಲಿಗೆ ಬಸ್ಸು ಹೋಗಲ್ಲ. ಯಾವ ಕಾಲ ಅಂತಲೂ ಕೇಳಬೇಡಿ, ನಾನು ಬಿ.ಎ.ಗೆ ಓದಿದ ಇತಿಹಾಸದಲ್ಲಿ ಆ ಕಾಲ ಬರಲೇ ಇಲ್ಲ. ಹತ್ತಿರ ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ, ಹೂಂ ಅನ್ನಿ.

ಆ ಊರಲ್ಲಿ ಮನೆಗೊಂದು ಮಟ್ಟು. ಮಟ್ಟು ಅಂದ್ರೆ ಊದೋ ಧಾಟಿ. ಗೌಡರ ಮನೆಗೊಂದು, ಗಾಣಿಗರ ಮನೆಗೊಂದು, ಹೂವಾಡಿಗರ ಮನೆಗೆ ಇನ್ನೊಂದು. ಮದುವೆಯಾದ ಹುಡುಗಿ ತವರಿನ ಹೊಸಿಲು ದಾಟುವಾಗ ಆ ಮನೆಯ ಮಟ್ಟನ್ನು ಮುಖವೀಣೆಯಲ್ಲಿ ಊದಲೇಬೇಕು. ಮುಖವೀಣೆ ಗೊತ್ತಲ್ಲ, ಮೊಳಕ್ಕೂ ಗಿಡ್ಡದ ಪುಟ್ಟ ವಾಲಗ! ಊದದಿದ್ದರೆ? ಹುಡುಗಿ ಹೆಜ್ಜೆ ಎತ್ತಲ್ಲ. ಬೇರೆ ಮನೆ ಮಟ್ಟು ಊದಿದರೆ? ಆಗಲೂ ಎತ್ತಲ್ಲ.

ಅಷ್ಟೂ ಮಟ್ಟು ಬಲ್ಲವನು ಮುನಿವೀರಯ್ಯ ಒಬ್ಬನೇ. ಒಂದು ವರ್ಷ ಅವನ ಹಲ್ಲೆಲ್ಲ ಉದುರಿಹೋದವು. ಊದಿದರೆ ಬರೀ ಗಾಳಿ. ಊರಿನ ಮದುವೆಗಳೆಲ್ಲ ನಿಂತವು.

ಅವನಿಗೊಬ್ಬಳು ಮಗಳು, ಹೊನ್ನಾಜಿ. ಅವಳ ಮೇಲೆ ಮನಸ್ಸಿಟ್ಟವನು ಕುಂಬಾರ ಗಿರಿಯ. ಹಿಂದಿಲ್ಲ, ಮುಂದಿಲ್ಲ, ಒಂದು ಗುಡಿಸಲು, ಮಡಕೆ ತಿರುಗಿಸೋ ಒಂದು ತಿಗುರಿ.

"ಮಾವ, ಹೊನ್ನಾಜೀನ ನನಗೆ ಕೊಡು."

"ಮಾವ ಅಂತ ಈಗಲೇ ಕರೀಬೇಡ. ಊರಿನ ಮಟ್ಟೆಲ್ಲ ಕಲಿ. ಒಂದು ತಪ್ಪಿದರೂ ಮಗಳಿಲ್ಲ."

"ಮಣ್ಣು ತುಳಿಯೋ ಕಾಲು ಮಾವ ನಂದು."

"ಊದೋದು ಬಾಯಲ್ಲಿ ಕಣಯ್ಯ!"

ಮುನಿವೀರಯ್ಯ ಬೊಚ್ಚುಬಾಯಲ್ಲಿ ಹಾಡಿ ತೋರಿಸಿದ. ಗಿರಿಯ ಕೆರೆ ಏರಿ ಮೇಲೆ ಕೂತು ಗೌಡರ ಮನೆ ಮಟ್ಟು ಊದಿದ. ಕೇಳಿ, ಏನಾಯ್ತು ಕೇಳಿ! ಗೌಡಿತಿ ಗೊಳೋ ಅಂತ ಅತ್ತಳು. ಅವಳ ಅತ್ತೆ ಅರಿಸಿನ ತೇಯ್ದಳು. ಮಗಳು ಗಂಟು ಹಿಡಿದು ಹೊಸಿಲ ಮೇಲೆ ನಿಂತು, "ಗಂಡೆಲ್ಲಿ?" ಅಂದಳು. ಗೌಡ ದೊಣ್ಣೆ ತಗೊಂಡು ಬಂದ. ಗಿರಿಯ ಗುಡ್ಡ ಹತ್ತಿ ಗಾಣಿಗರ ಮಟ್ಟು ಊದಿದ. ಗಾಳಿ ಸುಮ್ಮನಿರುತ್ತಾ? ಅಲ್ಲೂ ಅಳು, ಅಲ್ಲೂ ಗಂಟು. ಮಡಕೆ ಸುಡೋ ಆವಿಗೆಯ ಹಿಂದೆ ಅವಿತು ಹೂವಾಡಿಗರದ್ದು ಊದಿದ. ಆ ಹುಡುಗಿಯಂತೂ ಹಾರ ಹಿಡಿದು ಬೀದಿಗೇ ಬಂದುಬಿಟ್ಟಳು!

"ಇನ್ನೊಂದು ಸಲ ಊದಿದ್ಯೋ, ಊರು ಬಿಡಿಸ್ತೀವಿ," ಅಂದರು ಎಲ್ಲರೂ.

ಊದಬಾರದು, ಆದರೆ ಕಲೀಬೇಕು. ಹೇಗೆ? ನಾವಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರ್ತಿದ್ದೆವು. ಕುಂಬಾರನ ತಲೆ ಎಲ್ಲಿಗೆ ಓಡುತ್ತೆ? ಮಡಕೆಗೇ. ಕಣಜದಂಥ ಗುಡಾಣ ಮಾಡಿದ, ಸುಟ್ಟ, ಅಡ್ಡ ಮಲಗಿಸಿದ, ಸೊಂಟದವರೆಗೆ ಒಳಗೆ ತೂರಿಕೊಂಡ. ಕಾಲು ಮಾತ್ರ ಹೊರಗೆ. ಊದಿದ. ಸದ್ದು ಒಳಗೇ ಸುತ್ತಿತು, ಹೊರಗೆ ಹೋಗಲಿಲ್ಲ.

ಮಜ್ಜಿಗೆ ತಂದ ಹೊನ್ನಾಜಿ ಗುಡಾಣದ ಹೊಟ್ಟೆಗೆ ಕಿವಿ ಇಟ್ಟಳು. ಹುಟ್ಟಿದಾಗಿಂದ ಆ ಮಟ್ಟುಗಳನ್ನೇ ಕೇಳಿ ಬೆಳೆದವಳು.

"ಲೋ ಗಿರಿಯಾ, ಅಕ್ಕಸಾಲಿಗರ ಮಟ್ಟಿಗೆ ಗಾಣಿಗರ ಬಾಲ ಅಂಟಿಸಿದೀಯಲ್ಲೋ! ಆ ಹುಡುಗಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಕೊಂಡು ನಿಂತಿರ್ತಾಳೆ."

"ಬೆವರು ಕಣ್ಣಿಗಿಳೀತಿದೆ ಕಣೇ."

"ಊದೋದು ಕಣ್ಣಲ್ಲೇನೋ? ಮೊದಲಿಂದ ಶುರು ಮಾಡು."

ಹೀಗೇ ಮಳೆಗಾಲ ಹೋಯ್ತು, ಚಳಿಗಾಲ ಹೋಯ್ತು, ಮಾವು ಹೂ ಬಿಟ್ಟಿತು. ಗಿರಿಯ ಊರ ಮುಂದೆ ನಿಂತು ಒಂದೊಂದೇ ಮನೆಯ ಮಟ್ಟು ಊದಿದ. ಒಂದೂ ತಪ್ಪಲಿಲ್ಲ. ಬರೀ ಪರೀಕ್ಷೆ ಅಂತ ಸಾರಿದ್ದರೂ ತಾಯಂದಿರು ತಮ್ಮ ಸರದಿ ಬಂದಾಗ ಕಣ್ಣೊರೆಸಿಕೊಂಡರು.

"ಈಗ ಮಾವ ಅನ್ನು," ಅಂದ ಮುನಿವೀರಯ್ಯ.

ಚಪ್ಪರ ಹಾಕಿದರು. ತಾಳಿ ಕಟ್ಟಿಸಿದರು. ಮಗಳನ್ನು ಕಳಿಸಿಕೊಡೋ ಹೊತ್ತಾಯಿತು. ಹೊನ್ನಾಜಿ ಹೊಸಿಲೊಳಗೆ, ಗಿರಿಯ ಹೊರಗೆ. ಗಿರಿಯ ಮುಖವೀಣೆ ಎತ್ತಿದ, ಹಾಗೇ ಇಳಿಸಿದ.

"ಮಾವ, ನಿಮ್ಮನೆ ಮಟ್ಟು ಯಾವುದು?"

ಮುನಿವೀರಯ್ಯ ಹಣೆ ಚಚ್ಚಿಕೊಂಡ. "ನಮ್ಮನೇದು? ಅಯ್ಯೋ ಶಿವನೇ! ನಮ್ಮ ವಂಶದಲ್ಲಿ ಹೆಣ್ಣು ಅಂತ ಹುಟ್ಟಿದ್ದೇ ಇವಳೊಬ್ಬಳು. ನಾವು ಊದಿದ್ದೆಲ್ಲ ಬೇರೆಯವರ ಬಾಗಿಲಲ್ಲಿ."

"ಈಗಲೇ ಒಂದು ಕಟ್ಟಿಬಿಡ್ತೀನಿ," ಅಂದ ಗಿರಿಯ.

"ಆಗಲ್ಲ," ಅಂದ ಗೌಡ. "ಹುಡುಗಿಯ ಅಜ್ಜ ಕೇಳಿದ ಮಟ್ಟೇ ಆಗಬೇಕು, ಅದು ಊರಿನ ಕಟ್ಟಳೆ."

ಅವಳ ಅಜ್ಜ ಸತ್ತು ಎಷ್ಟೋ ಕಾಲವಾಗಿತ್ತು. ಅಷ್ಟು ಮಟ್ಟು ಕಲಿತವನಿಗೆ ಬೇಕಾದ ಒಂದೇ ಒಂದು ಮಟ್ಟು ಇಲ್ಲ! ಗಿರಿಯ ಚಪ್ಪರದ ಕಂಬಕ್ಕೆ ಒರಗಿ ಕೂತ.

ಹೊನ್ನಾಜಿ ಸೊಂಟದ ಮೇಲೆ ಕೈಯಿಟ್ಟಳು. "ಗೌಡ್ರೇ, ಹೆಣ್ಣು ಹೊರಗೆ ಹೋಗೋಕೆ ಮಟ್ಟು ಬೇಕು. ಗಂಡು ಒಳಗೆ ಬರೋಕೆ?"

ಗೌಡ ಯೋಚಿಸಿದ. ಗಾಣಿಗ ಯೋಚಿಸಿದ. ಹೂವಾಡಿಗನೂ ಯೋಚಿಸಿದ. "ಅದಕ್ಕೇನೂ ಬೇಡ," ಅಂದರು ಮೂವರೂ.

"ಕೇಳಿಸ್ತೇನೋ ಗಿರಿಯಾ? ಕಾಲು ತೊಳ್ಕೊಂಡು ಒಳಗೆ ಬಾ. ತಿಗುರಿ ಆಮೇಲೆ ತರೋಣ."

ಊರೆಲ್ಲ ನಕ್ಕಿತು. ಗಿರಿಯ ಒಳಗೆ ಹೋದ. ಊರಿನ ಮದುವೆಗಳು ಮತ್ತೆ ಸಾಲಾಗಿ ನಡೆದವು.

ಮರುವರ್ಷ ಒಂದು ಸಂಜೆ ಆ ಮನೆಯ ಜಗಲಿಯಿಂದ ಯಾರೂ ಕೇಳದ ಮಟ್ಟೊಂದು ಬಂತು. ಗಿರಿಯ ಊದುತ್ತಿದ್ದ. ಮುನಿವೀರಯ್ಯ ತೊಟ್ಟಿಲು ತೂಗುತ್ತಿದ್ದ.

ದಾರಿಯಲ್ಲಿ ಹೋಗುತ್ತಿದ್ದ ಗೌಡ ನಿಂತ. "ಇದು ಯಾರ ಮನೇದಯ್ಯ?"

"ನಮ್ಮನೇದು," ಅಂದ ಮುನಿವೀರಯ್ಯ, ತೊಟ್ಟಿಲೊಳಗಿನ ಹೆಣ್ಣುಕೂಸು ತೋರಿಸಿ. "ಇವಳ ಅಜ್ಜ ಕೇಳ್ತಾ ಕೂತಿದಾನೆ, ಕಾಣಲ್ವಾ?"

ಅವರು ಅಲ್ಲಿ ಕೇಳುತ್ತಾ ಕೂತರು, ನೀವು ಇಲ್ಲಿ ಕೇಳುತ್ತಾ ಕೂತಿರಿ. ಅವರ ಕೂಸು ಮಲಗಿತು, ನನ್ನ ಕಥೆಯೂ ಮಲಗಿತು. ಸದ್ದು ಮಾಡದೆ ಏಳಿ.