ಅಳದವಳಿಗೆ ಒಂದು ಓಟು

ಅಮ್ಮ ತೀರಿಕೊಂಡು ತಿಂಗಳಾದರೂ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ತನ್ನದು ಕಲ್ಲೆದೆಯೇ ಎಂಬ ಅಳುಕನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕನ್ನಡಕದಂಗಡಿಯ ಬೆಂಚಿನಲ್ಲಿ ಕಾಯುತ್ತಿದ್ದಾಗ, ಪಕ್ಕದಲ್ಲಿದ್ದ ಅತ್ತಿಗೆ-ಮೈದುನ ಸಿನಿಮಾ ಪ್ರಶಸ್ತಿಯ ಜಗಳ ತೆಗೆದಿದ್ದರು.

“ಈ ಸಲ ಪ್ರಶಸ್ತಿ ಆ ವಕೀಲೆ ಪಾತ್ರದವಳಿಗೇ ಕಣೋ. ಕೋರ್ಟಲ್ಲಿ ಏನು ಅತ್ತಳು ಅಂತೀಯ!”

“ಅತ್ತಿಗೆ, ನಿಮಗೆ ನಟನೆ ಅಂದ್ರೆ ಬಕೆಟ್‌ಗಟ್ಟಲೆ ಕಣ್ಣೀರು. ನನ್ನ ಓಟು ಆ ಮಗಳ ಪಾತ್ರಕ್ಕೆ.”

“ಅಪ್ಪ ಸತ್ತ ಮೇಲೆ ಅಳೋದು ಬಿಟ್ಟು, ಅವರ ಅಂಗಿ ಹಿಡ್ಕೊಂಡು ಟೈಲರ್ ಹತ್ರ ಹೋದಳಲ್ಲ, ಅವಳಿಗಾ?”

“ಹೋಗಿ ಏನಂದ್ಳು? ‘ಅಪ್ಪನಿಗೆ ತೋಳು ಬಿಗಿ, ಸ್ವಲ್ಪ ಸಡಿಲ ಮಾಡಿ’ ಅಂದ್ಳು. ನಟನೆ ಅಂದ್ರೆ ಅದು.”

“ಸುಮ್ನಿರೋ. ಯಾರಾದ್ರೂ ಹಾಗೆ ಮಾಡ್ತಾರಾ?”

ಅವರ ಕನ್ನಡಕ ಕೈಗೆ ಬಂತು. ಇಬ್ಬರೂ ಎದ್ದು ಬಾಗಿಲ ಕಡೆ ನಡೆದರು. ಬೆಂಚಿನಲ್ಲೇ ಕುಳಿತಿದ್ದ ಅವಳ ಬಾಯಿಂದ ಮಾತು ತಾನಾಗಿ ಹೊರಬಿತ್ತು.

“ಮಾಡ್ತಾರೆ ಅಕ್ಕ. ನಾನು ತಂದಿರೋದು ನಮ್ಮಮ್ಮನ ಕನ್ನಡಕ. ಮೂಗಿಗೆ ಒತ್ತುತ್ತೆ ಅಂತಿದ್ರು.”