ಪಂಪಿಲ್ಲದ ಲಾರಿ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಗು ಬರಲ್ಲ.

ನನ್ನ ತಮ್ಮ ಅಂದ್ರೆ ಚಿಕ್ಕಪ್ಪನ ಮಗ, ಲಾರಿ ಡ್ರೈವರು. ರಾತ್ರಿ ಹನ್ನೆರಡರ ಮೇಲೆ ಮನೆಗೆ ನಡೆದು ಬರ್ತಿದ್ದ. ಹಾಳು ಬಾವಿ ದಾಟಿದರೆ ಲಾರಿ ನಿಲ್ಲಿಸೋ ಬಯಲು. ಅಲ್ಲಿ ನಿಂತುಬಿಟ್ಟ. ಅವನ ಲಾರಿ ಸ್ಟಾರ್ಟ್ ಆಗಿತ್ತು. ಗುಡು ಗುಡು ಗುಡು... ಒಂದೂ ಹೊಡೆತ ತಪ್ಪದೆ.

ಅದರಲ್ಲೇನಿದೆ ಅಂತೀರಾ? ಆ ಲಾರಿಯ ಡೀಸೆಲ್ ಪಂಪನ್ನ ಅವತ್ತು ಸಂಜೆ ನಾನೇ ಬಿಚ್ಚಿ ತಂದಿದ್ದೆ. ನನ್ನ ರಿಪೇರಿ ಅಂಗಡಿ ಬೆಂಚಿನ ಮೇಲಿತ್ತು. ಪಂಪಿಲ್ಲದೆ ಇಂಜಿನ್‌ಗೆ ಒಂದು ಹನಿ ಡೀಸೆಲ್ ಹೋಗಲ್ಲ.

ಲಾರಿ ಟೇಪ್ ಸಾಹುಕಾರನದು. ಒಡೆದ ಕನ್ನಡಿಗೂ ಟೇಪು, ಹರಿದ ಸೀಟಿಗೂ ಟೇಪು. ಮಾನ ಅಂತ ಒಂದಿದ್ದಿದ್ರೆ ಅದಕ್ಕೂ ಸುತ್ತುತ್ತಿದ್ದ. ಆ ಪಂಪನ್ನ ಎರಡು ಸಲ ರಿಪೇರಿ ಮಾಡಿಕೊಟ್ಟಿದ್ದೆ. ಇನ್ನು ಒಳಗಿನ ಸಾಮಾನು ಬದಲಾಯಿಸಿ ಪ್ರಯೋಜನ ಇಲ್ಲ, ಅದರ ಬಾಡಿನೇ ಸವೆದಿದೆ, ಡೀಸೆಲ್ ಸೋರಿ ಇಂಜಿನ್ ಆಯಿಲ್‌ಗೆ ಸೇರ್ತಿದೆ, ಹೊಸದೇ ಹಾಕಿ ಅಂದೆ. ಹೆಣಕ್ಕೆ ಸಿಂಗಾರ ಬೇಡ ಅಂದೆ. ಕೋಣನ ಮುಂದೆ ಕಿನ್ನರಿ.

ಹಿಂದಿನ ಡ್ರೈವರು ಅದೇ ಪಂಪಿನಲ್ಲಿ ಲೋಡ್ ಹೇರಿಕೊಂಡು ಏರು ಹತ್ತಿದ. ಅರ್ಧದಲ್ಲಿ ಇಂಜಿನ್ ನಿಂತಿತು, ಬ್ರೇಕೂ ಹಿಡೀಲಿಲ್ಲ. ಲಾರಿ ಹಿಂದಕ್ಕೆ ಜಾರಿತು, ಅವನು ಸತ್ತ. ಕುಡಿದಿದ್ದ ಅಂದ ಸಾಹುಕಾರ. ಟೀ ಬಿಟ್ಟು ಇನ್ನೇನೂ ಮುಟ್ಟದ ಮನುಷ್ಯನನ್ನ! ಥೂ. ಲಾರಿ ಎತ್ತಿಸಿ ನನ್ನ ತಮ್ಮನ್ನ ಕೂರಿಸಿದ. ಪಂಪಿಗೆ ಏನಾದ್ರೂ ತೇಪೆ ಹಾಕಿ ಬೆಳಿಗ್ಗೆ ಜೋಡಿಸು, ಅದೇ ಏರಿಗೆ ಲೋಡಿದೆ ಅಂತ ನನಗೆ ಹುಕುಂ ಬೇರೆ.

ಬಯಲಲ್ಲಿ ತಮ್ಮ ಮೆಲ್ಲಗೆ ಕೇಳಿದ, "ಯಾರು?"

ಕ್ಯಾಬಿನ್ ಒಳಗಿಂದ ಪಿಸುದನಿ. "ಬೆಳಿಗ್ಗೆ ನೀನು ಹತ್ತಬೇಡ."

"ಯಾಕೆ?"

"...ಏರಲ್ಲಿ ಎಳೆಯಲ್ಲ."

ತಮ್ಮ ಓಡಿ ಬಂದು ನನ್ನ ಬಾಗಿಲು ಬಡಿದ. ಹೇಡಿ ಅಂತ ಬೈಕೊಂಡೇ ಟಾರ್ಚ್ ಹಿಡಿದು ಹೋದೆ. ಲಾರಿ ಸುಮ್ಮನೆ ನಿಂತಿತ್ತು. ಟಿಣ್... ಟಿಣ್... ಕಾದ ಕಬ್ಬಿಣ ಆರೋ ಸದ್ದು. ಬಾನೆಟ್ ಎತ್ತಿದೆ. ಪಂಪಿನ ಜಾಗ ಖಾಲಿ. ಪೈಪಿನ ಬಾಯಿಗೆ ನಾನು ಕಟ್ಟಿದ ಬಟ್ಟೆ ಹಾಗೇ ಇತ್ತು. ಸೈಲೆನ್ಸರ್ ಮುಟ್ಟಿದೆ, ಅಂಗೈ ಸುಟ್ಟಿತು.

ಬೆಳಿಗ್ಗೆ ಸಾಹುಕಾರನಿಗೆ ಎಲ್ಲಾ ಹೇಳಿದ್ವಿ. ಅವನು ಏನಂದ ಗೊತ್ತಾ?

"ಪಂಪಿಲ್ಲದೇನೇ ಓಡತ್ತೆ ಅಂದ್ಮೇಲೆ ಹೊಸದು ಯಾಕಯ್ಯಾ?"

ಅವನೊಬ್ಬನೇ ನಕ್ಕ. ತಮ್ಮ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಹಾಗಾದ್ರೆ ಏರಿಗೆ ನೀವೇ ತಗೊಂಡು ಹೋಗಿ" ಅಂದ.

ಸಾಹುಕಾರ ಕೀಲಿ ನೋಡಿದ. ಮುಟ್ಟಲಿಲ್ಲ. ಕಂಡೋರ ಮಕ್ಕಳನ್ನ ಕೂರಿಸೋಕೆ ಇದ್ದ ಧೈರ್ಯ ಅಷ್ಟೇ.

ಒಂದಕ್ಷರ ಸೇರಿಸಿ ಹೇಳ್ತಿಲ್ಲ. ಬೇಕಾದ್ರೆ ಹೋಗಿ ನೋಡಿ, ಲಾರಿ ಈಗಲೂ ಅದೇ ಬಯಲಲ್ಲಿದೆ. ಏಳು ವರ್ಷ ಆಯ್ತು, ಪಂಪ್ ಹಾಕಿಲ್ಲ. ಟೈರಿನ ಸುತ್ತ ಮೊಣಕಾಲುದ್ದ ಹುಲ್ಲು. ಸೈಲೆನ್ಸರ್ ಬಾಯಿಯ ಎದುರು ಮಾತ್ರ... ಹುಲ್ಲಿಲ್ಲ. ನೆಲ ಕಪ್ಪಗಿದೆ.